ಮೆಚ್ಚಿನ ಸಿನಿಮಾ ಬೈದರೆ ನಮಗ್ಯಾಕೆ ಉರಿಯುತ್ತದೆ?

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಗುಂಪಿನಲ್ಲಿ ಒಬ್ಬರು ಒಂದು ಸಿನಿಮಾ ಬಗ್ಗೆ "ಸೆಕೆಂಡ್ ಹಾಫ್ ಸುಮ್ನೆ ಎಳೆದಿದ್ದಾರೆ" ಅಂತ ಬರೆದರು, ಅಷ್ಟೇ. ಹತ್ತು ನಿಮಿಷದಲ್ಲಿ ಮಾತು ಅವರ ಬುದ್ಧಿಮಟ್ಟಕ್ಕೆ ಬಂದು ನಿಂತಿತ್ತು. ಇಬ್ಬರು ಗುಂಪು ಬಿಟ್ಟರು.

ಸಿಟ್ಟು ಬರುವುದು ಸಹಜ. ನನಗೂ ಬರುತ್ತದೆ. 1976ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮಾತನ್ನು ಗಮನಿಸಿದರು. ತಮ್ಮ ಫುಟ್‌ಬಾಲ್ ತಂಡ ಗೆದ್ದಾಗ "ನಾವು ಗೆದ್ದೆವು" ಅನ್ನುವುದು ಜಾಸ್ತಿ, ಸೋತಾಗ ಆ "ನಾವು" ಕಡಿಮೆ. ಆಡಿದ್ದು ಬೇರೆಯವರು, ಅಲ್ವಾ! ಸಿನಿಮಾದ ಕಟ್ಟಾ ಅಭಿಮಾನಿಗೆ ಹಾಗೆ "ನಾವು" ಬಿಟ್ಟು ಜಾರಿಕೊಳ್ಳಲು ಆಗುವುದಿಲ್ಲ. ಕಷ್ಟದ ದಿನಗಳಲ್ಲಿ ಜೊತೆಗಿದ್ದ ಸಿನಿಮಾ ಅದು; ಪ್ರೊಫೈಲ್ ಫೋಟೋ, ರಿಂಗ್‌ಟೋನ್ ಎಲ್ಲಾ ಅದರದ್ದೇ. "ಚೆನ್ನಾಗಿಲ್ಲ" ಅಂದರೆ "ನೀನು ಸರಿ ಇಲ್ಲ" ಅಂತಲೇ ಕೇಳಿಸುತ್ತದೆ.

ಅದಕ್ಕೇ ಕೇಳಿಕೊಳ್ಳುವುದು ಇಷ್ಟು: ಕಥೆ, ನಟನೆ, ಎಡಿಟಿಂಗ್ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ. ಬರೆದವರ ಮೇಲೆ ಬೀಳಬೇಡಿ. ಟೀಕಿಸುವವರೂ "ಇದನ್ನು ನೋಡುವವರಿಗೆ ತಲೆ ಇಲ್ಲ" ಅನ್ನಬೇಡಿ. ಅದು ವಿಮರ್ಶೆ ಅಲ್ಲ, ಚುಚ್ಚುಮಾತು. ಅಂಥ ಮೆಸೇಜ್ ಕಂಡರೆ ಅಳಿಸುತ್ತೇನೆ, ಯಾರದ್ದೇ ಆಗಲಿ.

ಬಿಟ್ಟುಹೋದ ಇಬ್ಬರಿಗೂ ಲಿಂಕ್ ಕಳಿಸಿದ್ದೇನೆ. ಬಂದರೆ ನಿನ್ನೆಯದನ್ನು ಕೆದಕಬೇಡಿ.

– ಅಡ್ಮಿನ್