ಹಿತ್ತಾಳೆ ಹಳೇದೇ ಇರ್ಲಿ, ರಬ್ಬರ್ ಹೊಸ್ದು ಹಾಕು

ಪುಟ್ಟಿ,

ನಿನ್ನ ಹಳೇ ಬೈಕ್ ಸ್ಟಾರ್ಟ್ ಮಾಡಿ ಕಳ್ಸಿದ ವಿಡಿಯೋನ ಹೆಡ್‌ಫೋನ್ ಹಾಕ್ಕೊಂಡು ನಾಲ್ಕೈದು ಸಲ ಕೇಳ್ದೆ. ಚೋಕ್ ಎಳ್ದಿದ್ರೆ ಓಡತ್ತೆ, ಚೋಕ್ ತಳ್ಳಿದ ತಕ್ಷಣ ಉಸಿರು ಕಟ್ಟಿದ ಹಾಗೆ ಆಗಿ ಆಫ್ ಆಗತ್ತೆ, ಆದ್ರೆ ಥ್ರಾಟಲ್ ಹಿಡಿದಿಟ್ರೆ ಚೆನ್ನಾಗೇ ಕೂಗತ್ತೆ. ಬಹುತೇಕ ಕಾರ್ಬ್ಯುರೇಟರ್‌ನ ಪೈಲಟ್ ಸರ್ಕ್ಯೂಟೇ, ಅಂದ್ರೆ ಥ್ರಾಟಲ್ ಬಿಟ್ಟು ಐಡಲ್‌ನಲ್ಲಿ ಓಡುವಾಗ ಪೆಟ್ರೋಲ್ ಬರೋ ದಾರಿ, ಕಟ್ಕೊಂಡಿದೆ. ವರ್ಷಗಟ್ಲೆ ನಿಂತ ಗಾಡೀಲಿ ಪೆಟ್ರೋಲ್ ಆವಿಯಾಗಿ ಹೋಗಿ ಅಂಟು ಮಾತ್ರ ಉಳ್ಕೊಳತ್ತೆ, ಆ ದಾರೀಲಿರೋ ಪುಟ್ಟ ಹಿತ್ತಾಳೆ ತುಂಡು, ಪೈಲಟ್ ಜೆಟ್, ಅದರ ತೂತು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು, ಹಂಗಾಗಿ ಮೊದ್ಲು ಮುಚ್ಕೊಳೋದು ಅದೇ.

ಆದ್ರೆ ಕಾರ್ಬ್‌ಗೆ (ಕಾರ್ಬ್ಯುರೇಟರ್‌ಗೆ) ಕೈ ಹಾಕೋ ಮುಂಚೆ ಇಂಜಿನ್ ವಾಲ್ವ್‌ಗಳ ಸಂದಿ, ವಾಲ್ವ್ ಕ್ಲಿಯರೆನ್ಸ್, ನೋಡಿದ್ಯಾ? ಕಾರ್ಬ್‌ನ ಇಂಜಿನ್‌ಗೆ ಸೇರ್ಸೋ ಇನ್‌ಟೇಕ್ ರಬ್ಬರ್‌ನ ಬಗ್ಗಿಸಿ ಬಿರುಕು ಇದ್ಯಾ ನೋಡಿದ್ಯಾ? ಅಲ್ಲಿಂದ ಗಾಳಿ ನುಗ್ಗಿದ್ರೂ ಗಾಡಿ ಇದೇ ಥರ ಆಡತ್ತೆ, ಆಮೇಲೆ ನಾಲ್ಕು ಕಾರ್ಬ್ ತೊಳೆದು ಹಾಕಿದ್ರೂ ಏನೂ ಸರಿ ಹೋಗಲ್ಲ.

ಈಗ ನೀನು ತರ್ಸಿರೋ ಕಾರ್ಬ್ ರಿಪೇರಿ ಕಿಟ್ ವಿಷ್ಯ, ಅದನ್ನ ಹೇಳೋಕೇ ಇಷ್ಟು ಬರೀತಿರೋದು. ಅದರಲ್ಲಿರೋ ಜೆಟ್, ನೀಡಲ್ (ಪೆಟ್ರೋಲ್ ಅಳೆದು ಬಿಡೋ ಸೂಜಿ) ಎಲ್ಲಾ ಹೊಳೀತಿದೆ ಅಂತ ಹಳೇದನ್ನ ಎಸೀಬೇಡ. ದಯವಿಟ್ಟು ಎಸೀಬೇಡ. ಫ್ಯಾಕ್ಟರಿಯಿಂದ ಬಂದ ಹಿತ್ತಾಳೆ ಆ ಇಂಜಿನ್‌ಗೆ ಅಳತೆ ಮಾಡಿ ಕೂರ್ಸಿದ್ದು, ಕಡಿಮೆ ಬೆಲೆಯ ಕಿಟ್ ಜೆಟ್ ಮೇಲೆ ಅದೇ ನಂಬರ್ ಕೊರೆದಿದ್ರೂ ಒಳಗಿನ ತೂತು ಅದೇ ಅಳತೆ ಇರತ್ತೆ ಅಂತ ಗ್ಯಾರಂಟಿ ಇಲ್ಲ, ನೀಡಲ್‌ನ ಇಳಿಜಾರು ಒಂಚೂರು ಬೇರೆ ಆದ್ರೂ ಅರ್ಧ ಥ್ರಾಟಲ್‌ನಲ್ಲಿ ಗಾಡಿ ಮುಗ್ಗರಿಸತ್ತೆ, ನೀನು ತಿಂಗಳುಗಟ್ಲೆ ಕಾರಣ ಹುಡುಕ್ತಾ ಕೂರ್ತೀಯ. ಹಳೇ ಜೆಟ್ ತೊಳಿ, ಬೆಳಕಿಗೆ ಹಿಡಿ, ತೂತು ದುಂಡಗೆ ಸ್ವಚ್ಛವಾಗಿ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ರಾತ್ರಿಯೆಲ್ಲಾ ಕ್ಲೀನರ್‌ನಲ್ಲಿ ನೆನೆಹಾಕು, ತೀರಾ ಹಠ ಮಾಡಿದ್ರೆ ವೈರ್ ಒಳಗಿನ ಒಂದೇ ಒಂದು ತಾಮ್ರದ ಎಳೆ ತಗೊಂಡು ಮೆತ್ತಗೆ ತೂರ್ಸು. ಡ್ರಿಲ್ ಬಿಟ್, ಸ್ಟೀಲ್ ಪಿನ್ ಹತ್ರಾನೂ ಸುಳೀಬಾರ್ದು, ತೂತು ಒಂಚೂರು ದೊಡ್ಡದಾದ್ರೂ ಆ ಜೆಟ್ ಮುಗೀತು. ಕಿಟ್‌ನಿಂದ ತಗೋಬೇಕಾಗಿರೋದು ಬೌಲ್ (ಕಾರ್ಬ್ ಕೆಳಗಿನ ಪೆಟ್ರೋಲ್ ಬಟ್ಟಲು) ಗ್ಯಾಸ್ಕೆಟ್, ಓ-ರಿಂಗ್ ಅನ್ನೋ ರಬ್ಬರ್ ಬಳೆಗಳು ಅಷ್ಟೆ. ಬೌಲ್‌ನಲ್ಲಿ ತೇಲೋ ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ನಿಲ್ಸೋ ಫ್ಲೋಟ್ ವಾಲ್ವ್ ತುದೀಲಿ ಗೆರೆ ಬಿದ್ದಿದ್ರೆ ಅದೂ ಬದಲಾಯ್ಸು.

ಸ್ಕ್ರೂ ಬಿಚ್ಚುವಾಗ, ನಿಂದು ಜಪಾನ್ ಕಾರ್ಬ್ ಅಲ್ವಾ, ಅದರ ತಲೆ ನೋಡೋಕೆ ಫಿಲಿಪ್ಸ್ ಥರ ಇದ್ರೂ ಅದು ಜಿಸ್ (JIS) ಅಂತ ಜಪಾನಿನ ಬೇರೆ ಸ್ಟಾಂಡರ್ಡ್, ಫಿಲಿಪ್ಸ್ ಡ್ರೈವರ್ ಹಾಕಿ ತಿರುಗ್ಸಿದ್ರೆ ಜಾರಿ ತಲೆ ಸವೆದು ಹೋಗತ್ತೆ. ಸರಿಯಾದ ಡ್ರೈವರ್ ತಗೋ. ಒಂದು ಕಾರ್ಬ್ ಪೂರ್ತಿ ಮುಗ್ಸಿ ಆಮೇಲೆ ಇನ್ನೊಂದು, ಒಂದರ ಪಾರ್ಟ್ ಇನ್ನೊಂದರ ಡಬ್ಬಿಗೆ ಹೋಗಬಾರ್ದು.

ಐಡಲ್ ಮಿಶ್ರಣ ಹೊಂದ್ಸೋ ಮಿಕ್ಸ್ಚರ್ ಸ್ಕ್ರೂ ತೆಗೆಯೋ ಮುಂಚೆ ಒಳಗೆ ಮೆತ್ತಗೆ ತಿರುಗ್ಸಿ ಎಷ್ಟು ಸುತ್ತು ತಿರುಗಿ ಕೂತ್ಕೊಳತ್ತೆ ಅಂತ ಎಣ್ಸಿ ಬರ್ಕೋ, ನಾಲ್ಕಕ್ಕೂ ಬೇರೆ ಬೇರೆ. ಬಿಗಿ ಮಾಡ್ಬೇಡ, ತುದಿ ಮುರಿದು ಒಳಗೇ ಉಳ್ಕೊಳತ್ತೆ. ಸ್ಕ್ರೂ ಹೊರಗೆ ಬಂದಾಗ ಸ್ಪ್ರಿಂಗ್, ಅದರ ಮುಂದೆ ಪುಟಾಣಿ ವಾಷರ್, ಅದರ ಮುಂದೆ ಸಾಸಿವೆಯಷ್ಟು ಓ-ರಿಂಗ್ ಇರತ್ತೆ. ಆ ಓ-ರಿಂಗ್ ಬಹಳ ಸಲ ಈಚೆಗೆ ಬರೋದೇ ಇಲ್ಲ, ಟಾರ್ಚ್ ಬಿಟ್ಟು ನೋಡಿ ಹುಷಾರಾಗಿ ತೆಗಿ. ಅದನ್ನ ಅಲ್ಲೇ ಬಿಟ್ಟು ಹೊಸ್ದು ಹಾಕಿದ್ರೆ ಐಡಲ್ ಯಾವತ್ತೂ ಸರಿ ಆಗಲ್ಲ.

ಫ್ಲೋಟ್‌ನ ಹಿಡ್ಕೊಂಡಿರೋ ಫ್ಲೋಟ್ ಪಿನ್ ಬಗ್ಗೆ ನನ್ನ ಮಾತು ಕೇಳು. ನಂದೊಂದು ಹಳೇ ಗಾಡಿ ಕಾರ್ಬ್‌ನಲ್ಲಿ ಪಿನ್ ಬರ್ಲಿಲ್ಲ ಅಂತ ಕೆಳಗೆ ಆಧಾರ ಕೊಡ್ದೆ ಸುತ್ತಿಗೇಲಿ ಹೊಡ್ದೆ, ಪಿನ್ ಹಿಡ್ಕೊಳ್ಳೋ ಕಂಬಾನೇ ಮುರೀತು. ಇಡೀ ಬಾಡಿ ಹೋಯ್ತು, ಅದೇ ಥರದ್ದು ಹುಡ್ಕೋಕೆ ಬಹಳ ಅಲೆದೆ, ಇವತ್ತಿಗೂ ಬೇಜಾರಾಗತ್ತೆ. ಪಿನ್ ಒಂದು ಕಡೆಯಿಂದ ಮಾತ್ರ ಹೊರಗೆ ಬರತ್ತೆ ಕೆಲವದ್ರಲ್ಲಿ, ತಲೆ ಯಾವ ಕಡೆ ಇದೆ ನೋಡು, ಆಯಿಲ್ ಬಿಡು, ಕಂಬಕ್ಕೆ ಆಸರೆ ಕೊಟ್ಟು ಒತ್ತು, ಬರ್ಲಿಲ್ಲ ಅಂದ್ರೆ ನಾಳೆ ಮಾಡು.

ಕ್ಲೀನರ್ ಹೊಡೆಯೋ ಮುಂಚೆ ಡಯಾಫ್ರಾಮ್ ಅನ್ನೋ ತೆಳು ರಬ್ಬರ್ ಪೊರೆ ತೆಗೆದು ದೂರ ಇಡು, ಅದಕ್ಕೆ ಆ ಕೆಮಿಕಲ್ ತಾಗಿದ್ರೆ ಉಬ್ಬಿ ಹಾಳಾಗತ್ತೆ. ಬಟ್ಟೆಲಿ ಒರೆಸಿ, ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ತೂತು ಇದ್ಯಾ ನೋಡು ಸಾಕು. ಕನ್ನಡಕ ಹಾಕ್ಕೋ, ಒಂದು ತೂತಿಗೆ ಹೊಡೆದ ಕ್ಲೀನರ್ ಇನ್ನೊಂದು ತೂತಿಂದ ನೇರ ಕಣ್ಣಿಗೇ ಬರತ್ತೆ. ಬಾಗಿಲು ಕಿಟಕಿ ತೆಗೆದಿರ್ಲಿ, ಹತ್ತಿರ ಬೆಂಕಿ ಇರ್ಬಾರ್ದು.

ಫ್ಲೋಟ್ ಎತ್ತರ ಎಷ್ಟು ಮಿಲಿಮೀಟರ್ ಅನ್ನೋದು ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಇರತ್ತೆ, ಕಾರ್ಬ್‌ನ ಓರೆ ಮಾಡಿ ಹಿಡ್ಕೊಂಡು ಫ್ಲೋಟ್‌ನ ನಾಲಿಗೆ ವಾಲ್ವ್‌ನ ಪಿನ್‌ಗೆ ಬರೀ ಮುಟ್ಟಿರ್ಬೇಕು, ಸ್ಪ್ರಿಂಗ್ ಒತ್ತಿರ್ಬಾರ್ದು, ಆಗ ಅಳಿ. ಆಮೇಲೆ ಸಿಂಕ್, ಅಂದ್ರೆ ನಾಲ್ಕೂ ಕಾರ್ಬ್ ಒಂದೇ ಸಮ ಕೆಲ್ಸ ಮಾಡೋ ಹಾಗೆ ಹೊಂದ್ಸೋದು. ಮೊದ್ಲು ಟೇಬಲ್ ಮೇಲೇನೇ ನಾಲ್ಕೂ ಬಟರ್‌ಫ್ಲೈ (ಥ್ರಾಟಲ್ ತಿರುಗ್ಸಿದಾಗ ತೆರೆಯೋ ತಟ್ಟೆ) ಒಂದೇ ಸಂದಿ ಬಿಡೋ ಹಾಗೆ ಹೊಂದ್ಸು, ಗಾಡಿಗೆ ಕೂರ್ಸಿದ್ ಮೇಲೆ ವ್ಯಾಕ್ಯೂಮ್ ಗೇಜ್ ಹಾಕು, ನಿಂತಲ್ಲೇ ಇಂಜಿನ್ ಬಿಸಿ ಆಗತ್ತೆ ಅದಕ್ಕೆ ಎದುರಿಗೆ ಒಂದು ಫ್ಯಾನ್ ಇರ್ಲಿ.

ಮೊದಲನೇ ಕಾರ್ಬ್‌ನ ಪೈಲಟ್ ಜೆಟ್ ತೆಗೆದಾಗ ಬೆಳಕಿಗೆ ಹಿಡಿದು ಒಂದು ಫೋಟೋ ತೆಗೆದು ಕಳ್ಸು, ತೊಳೆಯೋ ಮುಂಚೆ ಒಂದು, ತೊಳೆದ ಮೇಲೆ ಒಂದು.

ನಿನ್ನ ಮಾಮ