ತೆರೆಯಲಾಗದ ಪೆಟ್ಟಿಗೆ

ಮೈಸೂರು

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ವಿಮಾನ ನಿಲ್ದಾಣದಲ್ಲಿ ನಿನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, ಪೆಟ್ಟಿಗೆ ಬಿಚ್ಚಿಸಿ, ನಿಮ್ಮಮ್ಮ ಕಟ್ಟಿಕೊಟ್ಟ ಹಪ್ಪಳ, ಚಟ್ನಿಪುಡಿಯನ್ನೆಲ್ಲ ಮೇಜಿನ ಮೇಲೆ ಹರಡಿದರು ಎಂದು ಓದಿ ಹೊಟ್ಟೆ ಉರಿಯಿತು. ಸಾಲದ್ದಕ್ಕೆ ಕ್ಲಾಸಿನಲ್ಲಿ 'ನಿಮ್ಮ ಇಂಡಿಯಾದ್ದು ಏನಾದರೂ ಮಾಡು' ಎನ್ನುತ್ತಾರೆ. ಏನು ಮಾಡಲಿ ಅಂತ ಕೇಳಿದ್ದೀಯ.

ಜರ್ಮನಿಯ ನಿನ್ನ ಡ್ಯುಸೆಲ್ಡಾರ್ಫ್ ಕಲಾಶಾಲೆಯಲ್ಲೇ ಹಿಂದೆ ಕ್ಯಾಮರೂನ್ ದೇಶದ ಒಬ್ಬರು ಓದಿದ್ದರು. ಬಾರ್ತೆಲೆಮಿ ಟೊಗುವೊ ಅಂತ. 1967ರಲ್ಲಿ ಹುಟ್ಟಿದವರು. ಮೊದಲು ಐವರಿ ಕೋಸ್ಟ್ ದೇಶದ ಅಬಿಜಾನ್, ಆಮೇಲೆ ಫ್ರಾನ್ಸಿನ ಗ್ರೆನೋಬಲ್, ಆಮೇಲೆ ನಿನ್ನ ಊರು. ತೊಂಬತ್ತರ ದಶಕದಲ್ಲಿ ಅವರು ಗಟ್ಟಿ ಮರದ ದಿಮ್ಮಿಯಲ್ಲಿ ಸೂಟ್‌ಕೇಸ್ ಕೆತ್ತಿದರು. ಒಳಗೆ ಟೊಳ್ಳಿಲ್ಲ, ಬರೀ ಮರ. ಅದನ್ನು ಹೊತ್ತು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರ ಮುಂದೆ ನಿಂತರು. ತೆಗೆ ಅಂದರೆ ಏನನ್ನು ತೆಗೆಯುವುದು?

ನಲವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವನು ನಾನು. ಆ ಪೆಟ್ಟಿಗೆಯನ್ನು ನೆನೆದಾಗಲೆಲ್ಲ ಕೆತ್ತಿದ ದಿನಗಳು ಕಣ್ಣಿಗೆ ಬರುತ್ತವೆ. ಉಳಿ ಹಿಡಿದ ಮೊದಲ ದಿನ ಸಿಟ್ಟು ಇರುತ್ತದೆ. ಮೂರನೆಯ ದಿನ ಮರದ ನಾರು ಯಾವ ಕಡೆ ಓಡುತ್ತಿದೆ ಅನ್ನೋದಷ್ಟೇ ತಲೆಯಲ್ಲಿ. ನಿನ್ನ ಆ ಮೇಜನ್ನೂ ಹಾಗೆ ಕೈಗೆ ತೆಗೆದುಕೋ ಮಗಳೇ. ಹರಡಿದ ಹಪ್ಪಳ ಹೇಗಿತ್ತು, ಎಷ್ಟು ಮುರಿದಿತ್ತು, ಕೈಗವಸಿನ ಬಣ್ಣ ಯಾವುದು, ಎಲ್ಲ ಬರೆದಿಡು. ಕೇಳಿದರು ಅಂತ ಸುಮ್ನೆ ಆನೆ, ರಂಗೋಲಿ ಹಾಕಿ ಕೊಡಬೇಡ. ನಿನಗೇ ಹಾಕಬೇಕು ಅನ್ನಿಸಿದ ದಿನ ರಂಗೋಲಿ ಹಾಕು.

ಇನ್ನೊಮ್ಮೆ ಟೊಗುವೊ ಕಸ ಎತ್ತುವವರ ಸಮವಸ್ತ್ರ ತೊಟ್ಟು, ಟಿಕೆಟ್ ಕೊಂಡು, ರೈಲಿನ ಫಸ್ಟ್ ಕ್ಲಾಸಿನಲ್ಲಿ ಕೂತರು. ಅಕ್ಕಪಕ್ಕದವರು ಎದ್ದು ಹೋದರು. ಮುಂದೆ ಮರದಲ್ಲೇ ದೊಡ್ಡ ದೊಡ್ಡ ಮೊಹರುಗಳನ್ನು ಕೆತ್ತಿದರು. ಪಾಸ್‌ಪೋರ್ಟಿಗೆ ಗುಮಾಸ್ತ ಒತ್ತುವ ಸೀಲನ್ನು ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ ಮಾಡಿದ್ದು ನನಗೆ ಜಾಸ್ತಿ ಇಷ್ಟ. ಇಟಲಿಯ ವೆನಿಸ್‌ನಲ್ಲಿ ನಡೆಯುವ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿನಾಲೆಯಲ್ಲೂ 2015ರಲ್ಲಿ ಅವು ಇದ್ದವು.

ಒಂದು ಮಾತು ಕಟುವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಟೊಗುವೊ 2008ರಲ್ಲಿ ಒಂದು ಮರದ ದೋಣಿ ಮಾಡಿದರು. ಅದರ ತುಂಬ ಬಟ್ಟೆಯ ಗಂಟುಗಳು, ಕೆಳಗೆ ಸಮುದ್ರದ ಬದಲು ಗಾಜಿನ ಬಾಟಲಿಗಳು. ನಿನ್ನ ಕೈಯಲ್ಲಿ ವೀಸಾ ಇತ್ತು. ವಾಪಸ್ ಬರಲು ಮನೆಯಿದೆ. ದೇಶ ಬಿಟ್ಟು ಅಂಥ ದೋಣಿ ಹತ್ತಿದವರಿಗೆ ಎರಡೂ ಇರಲಿಲ್ಲ. ನಿನ್ನ ನೋವು ಸುಳ್ಳಲ್ಲ, ಆದರೆ ಅದು ಎಷ್ಟಿದೆಯೋ ಅಷ್ಟನ್ನೇ ಮಾಡು. ಅವರ ಗಂಟನ್ನು ನಿನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಡ.

ಇನ್ನು, ಊರಿಗೆ ಬಂದು ಏನು ಮಾಡಲಿ, ಅಲ್ಲಿರಲೋ ಇಲ್ಲಿರಲೋ ಅಂತ ಕೊರಗುತ್ತಿದ್ದೀಯಲ್ಲ. ಟೊಗುವೊ ಪ್ಯಾರಿಸ್ಸಿನಲ್ಲೂ ಇರುತ್ತಾರೆ, ಪಶ್ಚಿಮ ಕ್ಯಾಮರೂನಿನ ಬಾಂಜೂನ್‌ನಲ್ಲೂ ಇರುತ್ತಾರೆ. ಅಲ್ಲಿ 'ಬಾಂಜೂನ್ ಸ್ಟೇಷನ್' ಅಂತ ಕಲಾಕೇಂದ್ರ ಕಟ್ಟಿದ್ದಾರೆ. ಬೇರೆ ದೇಶದ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ. ಜೊತೆಗೆ ಜಮೀನಿದೆ, ಕಾಫಿ ಗಿಡಗಳಿವೆ. ಬೆಳೆದವನ ಕಾಫಿಗೆ ಬೇರೆ ದೇಶದವರು ಬೆಲೆ ಕಟ್ಟುವುದಕ್ಕೆ ಅದು ಅವರ ಉತ್ತರ. ಕೊಡಗಿನ ತೋಟ ನೋಡಿದವಳು ನೀನು, ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಎಲ್ಲಿರಬೇಕು ಅನ್ನೋದನ್ನು ಈ ವರ್ಷವೇ ತೀರ್ಮಾನಿಸಬೇಕಾಗಿಲ್ಲ.

ನಿನ್ನ ಅಣ್ಣ ಮುಂದಿನ ತಿಂಗಳು ಆ ಕಡೆ ಬರುತ್ತಿದ್ದಾನೆ. ನನ್ನ ಆರು ಉಳಿಗಳನ್ನು ಸಾಣೆ ಹಿಡಿಸಿ ಅವನ ಕೈಲಿ ಕಳಿಸುತ್ತೇನೆ. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲೇ ಇಡಿಸುತ್ತೇನೆ. ಅಗಲದ ಉಳಿಯ ಹಿಡಿ ಸ್ವಲ್ಪ ಸಡಿಲವಿದೆ, ನೋಡಿಕೋ. ಮೊದಲು ಕೆತ್ತಿದ್ದು ಏನೇ ಆಗಿರಲಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತಿ ಅಂಚೆಯಲ್ಲಿ ಕಳಿಸು.

ಇತಿ,
ನಿನ್ನ ದೊಡ್ಡಪ್ಪ