ಅತಿಥಿ ಉಪನ್ಯಾಸಕರ ಆದೇಶ ಮೇ ತಿಂಗಳಲ್ಲೇ ಬರಲಿ

ಮಾನ್ಯ ಸಂಪಾದಕರೇ,

ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಕಾಯಂ ಅಲ್ಲದ, ಗೌರವಧನದ ಮೇಲೆ ದುಡಿಯುವ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಅವರ ಸಂಖ್ಯೆ ಹತ್ತು ಸಾವಿರ ದಾಟುತ್ತದೆ. ಆದರೆ ಸೆಮಿಸ್ಟರ್ ಆರಂಭವಾಗುವ ದಿನ ಅವರು ಕಾಲೇಜಿನಲ್ಲಿ ಇರುವುದು ಅಪರೂಪ. ಪ್ರಾಂಶುಪಾಲರು ಕಾರ್ಯಭಾರದ, ಅಂದರೆ ವಾರಕ್ಕೆ ಎಷ್ಟು ಗಂಟೆ ಪಾಠ ಎಂಬುದರ ಲೆಕ್ಕ ಕಳಿಸಬೇಕು, ಆರ್ಥಿಕ ಇಲಾಖೆ ಒಪ್ಪಬೇಕು, ಅರ್ಜಿ, ಮೆರಿಟ್ ಪಟ್ಟಿ, ಕಾಲೇಜು ಹಂಚುವ ಕೌನ್ಸೆಲಿಂಗ್ ಮುಗಿಯಬೇಕು. ಅಷ್ಟರಲ್ಲಿ ಮೊದಲ ಕಿರುಪರೀಕ್ಷೆಯ ದಿನಾಂಕ ಬಂದಿರುತ್ತದೆ.

ವಾರಕ್ಕೆ 4 ಗಂಟೆಯ ಒಂದು ಪತ್ರಿಕೆಗೆ 16 ವಾರದಲ್ಲಿ 64 ಗಂಟೆ ಪಾಠ ಸಿಗಬೇಕು. ಉಪನ್ಯಾಸಕರು ಐದು ವಾರ ತಡವಾಗಿ ಬಂದರೆ 20 ಗಂಟೆ ಹೋಯಿತು. ದಸರೆ, ದೀಪಾವಳಿ, ಕ್ರೀಡಾಕೂಟ ಬೇರೆ. ಹಾಜರಾತಿಯನ್ನು ನಡೆದ ತರಗತಿಗಳ ಮೇಲೆ ಲೆಕ್ಕ ಹಾಕುವುದರಿಂದ ಶೇ 75ರ ನಿಯಮಕ್ಕೆ ಧಕ್ಕೆಯಿಲ್ಲ. ಕಡತ ಅಚ್ಚುಕಟ್ಟು, ಪಠ್ಯ ಅರ್ಧ! ಪೇಟೆಯ ಹುಡುಗರು ಟ್ಯೂಷನ್ ಹಿಡಿಯುತ್ತಾರೆ. ಬಸ್ ಪಾಸಿನಲ್ಲಿ ಬರುವ ಹಳ್ಳಿಯ ಹುಡುಗಿ ಹನ್ನೊಂದಕ್ಕೆ 'ಕ್ಲಾಸಿಲ್ಲ' ಎಂದು ಕೇಳಿ ಮಧ್ಯಾಹ್ನದ ಬಸ್ಸಿಗೆ ಕಾಯುತ್ತಾಳೆ.

2022ರಲ್ಲಿ ತಿಂಗಳ ಗೌರವಧನವನ್ನು 11–13 ಸಾವಿರದಿಂದ, ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ, 26–32 ಸಾವಿರ ರೂಪಾಯಿಗೆ ಏರಿಸಿದ್ದು ಸರಿಯಾದ ಕೆಲಸ. ಅದರ ಜೊತೆಗೇ ಒಬ್ಬೊಬ್ಬರ ಕಾರ್ಯಭಾರವನ್ನು ವಾರಕ್ಕೆ 15 ಗಂಟೆ ಮಾಡಿದ್ದರಿಂದ ಬೇಕಾದ ಜನರ ಸಂಖ್ಯೆ ಇಳಿಯಿತು. ವಿಷಯವೊಂದಕ್ಕೆ 20 ಗಂಟೆ ಇರುವ ಸಣ್ಣ ಕಾಲೇಜಿನಲ್ಲಿ ಮೊದಲು ತಲಾ ಹತ್ತರಂತೆ ಇಬ್ಬರು ಬರಬಹುದಿತ್ತು. ಈಗ ಒಬ್ಬರಿಗೆ 15 ಕೊಟ್ಟರೆ ಉಳಿದ ಐದು ಗಂಟೆಗಾಗಿ ಬೇರೆ ತಾಲ್ಲೂಕಿನಿಂದ ಬಸ್ ಹತ್ತಿ ಬರುವವರು ಯಾರು? ವಿಜ್ಞಾನ ವಿಭಾಗದಲ್ಲಿ ಪೆಟ್ಟು ಇನ್ನೂ ಜೋರು. ಜನ ಸಾಲದೆ ಎರಡು ಬ್ಯಾಚುಗಳನ್ನು ಸೇರಿಸಿದರೆ ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ ಬ್ಯೂರೆಟ್ ಒಂದಕ್ಕೆ ಮೂವರು. ಬಣ್ಣ ತಿರುಗುವವರೆಗೆ ಹನಿ ಬಿಟ್ಟು ಅಳೆಯುವ ಟೈಟ್ರೇಷನ್ ಅನ್ನು ಒಬ್ಬರು ಮಾಡುತ್ತಾರೆ, ಇಬ್ಬರು ರೀಡಿಂಗ್ ಬರೆದುಕೊಳ್ಳುತ್ತಾರೆ. ಪ್ರಾಯೋಗಿಕ ಪರೀಕ್ಷೆಯ ದಿನ ಗುಲಾಬಿ ಬಣ್ಣ ತಿರುಗುವ ಆ ಒಂದು ಹನಿ ಎಲ್ಲಿ ನಿಲ್ಲಬೇಕೆಂದು ಆ ಇಬ್ಬರ ಕೈಗೆ ಗೊತ್ತಿರುವುದಿಲ್ಲ.

2023ರ ನವೆಂಬರ್ ಕೊನೆಯಿಂದ ಹೊಸ ವರ್ಷದವರೆಗೆ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದರು. ಅದಾದ ಮೇಲೆ ಸೇವಾವಧಿಗೆ ತಕ್ಕಂತೆ 5ರಿಂದ 8 ಸಾವಿರ ರೂಪಾಯಿ ಹೆಚ್ಚಳವಾಯಿತು. ಕಾಯಂ ನೇಮಕಾತಿಯ ವೇಗವಂತೂ ಕೇಳುವುದೇ ಬೇಡ: 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ, 2022ರಲ್ಲಿ ಪರೀಕ್ಷೆ, ಆದೇಶ ಪತ್ರ ಕೈಸೇರುವ ಹೊತ್ತಿಗೆ 2024.

ಹೆಚ್ಚಿನ ಹಣವಿಲ್ಲದೆಯೂ ಒಂದು ಕೆಲಸ ಆಗಬಹುದು. ಮೂರನೇ ಮತ್ತು ಐದನೇ ಸೆಮಿಸ್ಟರಿಗೆ ಬರುವ ಮಕ್ಕಳು ಏಪ್ರಿಲ್‌ನಲ್ಲೇ ಕಾಲೇಜಿನ ಪಟ್ಟಿಯಲ್ಲಿರುತ್ತಾರೆ, ಅವರ ಕಾರ್ಯಭಾರ ಆಗಲೇ ಗೊತ್ತು. ಅಷ್ಟಕ್ಕೆ ಮೇ ತಿಂಗಳಲ್ಲೇ ಕೌನ್ಸೆಲಿಂಗ್ ಮುಗಿಸಿ, ಮೊದಲ ಸೆಮಿಸ್ಟರಿನದನ್ನು ಮಾತ್ರ ಪ್ರವೇಶಾತಿಯ ನಂತರಕ್ಕೆ ಬಿಡಲಿ. ನಂತರ ಬರುವ ಸಮ ಸೆಮಿಸ್ಟರಿಗೆ (ಎರಡು, ನಾಲ್ಕು, ಆರು) ಅದೇ ಉಪನ್ಯಾಸಕರನ್ನು ಮುಂದುವರಿಸುವ ಸಾಲನ್ನು ಮೊದಲ ಆದೇಶದಲ್ಲೇ ಸೇರಿಸಲಿ. ಇನ್ನು ಸ್ವಲ್ಪ ಹಣ ಒದಗಿಸಿ ಐದರಿಂದ ಎಂಟು ಗಂಟೆಯ ಚಿಲ್ಲರೆ ಕಾರ್ಯಭಾರಕ್ಕೆ ಪ್ರಯಾಣ ಭತ್ಯೆ ಕೊಟ್ಟರೆ ಹತ್ತಿರದ ಕಾಲೇಜಿನವರೇ ವಾರಕ್ಕೆರಡು ದಿನ ಬಂದು ಹೋಗುತ್ತಾರೆ.

– ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಹಾಸನ